ಉಣಿಸುವ ಕೈ

ಕರಡಿಕೊಳ್ಳದ ಮಠಕ್ಕೆ ಶಿಖರವಿರಲಿಲ್ಲ, ಹೆಬ್ಬಾಗಿಲೂ ಇರಲಿಲ್ಲ. ಮೂರು ಅಂಕಣದ ಮಣ್ಣಿನ ಮಾಳಿಗೆ, ಪಕ್ಕದಲ್ಲಿ ದನದ ಕೊಟ್ಟಿಗೆ, ಹಿಂದೆ ಹೊಗೆ ಹಿಡಿದ ಅಡುಗೆಮನೆ, ಇಷ್ಟೇ. ಪೂಜ್ಯ ಪರ್ವತಲಿಂಗ ಶಿವಯೋಗಿಗಳು ಅಲ್ಲಿ ನಲವತ್ತು ವರ್ಷ ನೆಲೆಸಿದ್ದರು. ಭಕ್ತರು ಅವರನ್ನು ಅಜ್ಜಾರು ಎನ್ನುತ್ತಿದ್ದರು. ಅಜ್ಜಾರು ಮಾತಾಡುತ್ತಿದ್ದುದೇ ಕಡಿಮೆ. ಹಾಗಾಗಿ ಅವರಾಡಿದ ಒಂದೊಂದು ಮಾತಿಗೂ ಭಕ್ತರು ಹತ್ತು ಅರ್ಥ ಹಚ್ಚುತ್ತಿದ್ದರು. "ಮಳಿ ಬರೂಹಂಗೈತಿ, ಕುಳ್ಳು ಒಳಗಿಡ್ರಿ" ಎಂದು ಅವರು ಅಪ್ಪಣೆ ಕೊಟ್ಟರೆ, ಕುಳ್ಳೆಂದರೆ ಕರ್ಮ, ಮಳೆಯೆಂದರೆ ಗುರುಕೃಪೆ ಎಂದು ಕಟ್ಟೆಯ ಮೇಲೆ ಚರ್ಚೆ ನಡೆಯುತ್ತಿತ್ತು. ಅಷ್ಟರಲ್ಲಿ ಸಗಣಿಯ ಕುಳ್ಳು ತೊಯ್ದು ತೊಪ್ಪೆಯಾಗಿರುತ್ತಿತ್ತು.

ಆ ತೊಯ್ದ ಕುಳ್ಳಿನಿಂದ ಒಲೆ ಹೊತ್ತಿಸಬೇಕಾದವಳು ಹಂಪವ್ವ. ಇಪ್ಪತ್ತಾರು ವರ್ಷದಿಂದ ಮಠದ ರೊಟ್ಟಿ ಬಡಿಯುತ್ತಿದ್ದವಳು. ಅವಳ ರೊಟ್ಟಿ ಎಷ್ಟು ಮೆತ್ತಗೋ ಬಾಯಿ ಅಷ್ಟೇ ಬಿರುಸು. ಪಂಕ್ತಿ ಎದ್ದ ಮೇಲೆ ಯಾರಾದರೂ ಹಸಿದು ಬಂದರೆ "ಒಲಿ ಆರೇತಿ, ನಾಳೆ ಬರ್ರಿ" ಎಂದು ಬಾಗಿಲಲ್ಲೇ ತಡೆಯುತ್ತಿದ್ದಳು. ಬುಟ್ಟಿಯಲ್ಲಿ ನಾಲ್ಕು ರೊಟ್ಟಿ ಉಳಿದಿದ್ದರೂ ಅದೇ ಮಾತು.

ಒಂದು ಶ್ರಾವಣದಲ್ಲಿ ಮಠದ ಆಕಳು ಈದ ಮೂರನೆಯ ದಿನ ಹಾವು ಕಡಿದು ಸತ್ತಿತು. ಕರು ಉಳಿಯಿತು. ಅಜ್ಜಾರು ಅದರ ಪಕ್ಕದಲ್ಲೇ ಹುಲ್ಲಿನ ಮೇಲೆ ಕುಳಿತರು. ಮಧ್ಯಾಹ್ನ ಪ್ರಸಾದಕ್ಕೆ ಕರೆಯಲು ಹೋದವರಿಗೆ, "ಅದು ಉಣ್ಣಲಿ, ಆಮ್ಯಾಲ ನಾನು. ಬಂದವರಿಗೆ ಬಡಸ್ರಿ" ಎಂದರು. ಬಂದವರೇನೋ ಉಂಡು ಹೋದರು. ಆದರೆ ಅಜ್ಜಾರ ಪ್ರಸಾದವಾಗದೆ ಮಠದವರು ತುತ್ತೆತ್ತಬಾರದೆಂಬುದು ಅಲ್ಲಿಯ ಕಟ್ಟಳೆ. ಹೀಗೆ ಒಂದು ಕರುವಿನ ಹಟಕ್ಕೆ ಹನ್ನೆರಡು ಮಂದಿ ಉಪವಾಸ ಬಿದ್ದರು.

ಕರು ಮಾತ್ರ ಬಾಯಿ ತೆರೆಯಲೊಲ್ಲದು. ಪಕ್ಕದ ಮನೆಯ ಆಕಳ ಹಾಲು ತಂದು ಬಿದಿರಿನ ಗೊಟ್ಟದಿಂದ ಗಂಟಲಿಗೆ ಹೊಯ್ದರೆ ಕೆಮ್ಮಿ ಕೆಮ್ಮಿ ಹೊರಗೆ ಹಾಕಿತು. ಅಜ್ಜಾರು ತಮ್ಮ ಬೆರಳನ್ನೇ ಹಾಲಿಗದ್ದಿ ಕೊಟ್ಟರು. ಮುಪ್ಪಿನ ತಣ್ಣನೆಯ ಬೆರಳು, ಮೇಲೆ ವಿಭೂತಿ ಬೇರೆ. ಕರು ಮೂಸಿ ಮುಖ ತಿರುಗಿಸಿತು. ಆಗ ಅಜ್ಜಾರು ಅಡುಗೆಮನೆಯ ಕಡೆ ನೋಡಿ ಇಷ್ಟೇ ಹೇಳಿದರು:

"ಅದಕ್ಕ ಉಣಸೋ ಕೈ ಬೇಕು."

ಕಟ್ಟೆಯ ಮೇಲೆ ಚರ್ಚೆ ಶುರುವಾಯಿತು. ಮಠದ ಕಾರಭಾರಿ ಸಂಗನಬಸಯ್ಯ ಕಣ್ಣು ಮುಚ್ಚಿ ವಿಚಾರ ಮಾಡಿ, ಉಣಿಸುವ ಕೈ ಎಂದರೆ ದಾಸೋಹಕ್ಕೆ ವರ್ಷದ ಜೋಳ ಕೊಡುವ ಶಿದ್ನಗೌಡರ ಕೈ ಎಂದು ತೀರ್ಮಾನ ಕೊಟ್ಟ. ಗೌಡರಿಗೆ ಹೇಳಿಕಳಿಸಿದರು. ಮರುದಿನ ಬೆಳಿಗ್ಗೆ ಅವರು ಮಡಿಯುಟ್ಟು, ಬೆಳ್ಳಿಯ ಬಟ್ಟಲಲ್ಲಿ ಹಾಲು ಹಿಡಿದು, ಭಜನೆಯೊಂದಿಗೆ ಬಂದರು. ಕರು ಒಮ್ಮೆ ಸೀನಿತು. ಹಾಲೆಲ್ಲ ಗೌಡರ ಧೋತರದ ಪಾಲಾಯಿತು.

ಇದನ್ನೆಲ್ಲ ಅಡುಗೆಮನೆಯ ಕಿಂಡಿಯಿಂದ ನೋಡುತ್ತಿದ್ದ ಹಂಪವ್ವನಿಗೆ ತಲೆ ಕೆಟ್ಟುಹೋಯಿತು. "ಹಾಲು ಕುಡಸಾಕ ಭಜನಿ ಯಾಕ ಬೇಕ್ರೋ ನಿಮಗ?" ಎಂದು ಒದರಿದಳು. "ನೀನಾದ್ರೂ ಬಂದು ನೋಡವಾ" ಎಂದ ಸಂಗನಬಸಯ್ಯ. "ನಾ ರೊಟ್ಟಿ ಬಡಿಯಾಕಿ. ಎಂಜಲಗೈಲೆ ಹಿಟ್ಟು ನಾದಲೇನು?" ಎಂದು ಅವನ ಬಾಯಿ ಮುಚ್ಚಿಸಿದಳು. ಸಿಟ್ಟಿನ ಕೆಳಗೆ ಇದ್ದದ್ದು ಹೆದರಿಕೆ. ಅಜ್ಜಾರಿಗೆ ಎಂಬತ್ತು ತುಂಬಿತ್ತು, ಜ್ವರದಿಂದೆದ್ದು ಹದಿನೈದು ದಿನವೂ ಆಗಿರಲಿಲ್ಲ. ಕರು ಹೋದರೆ ಈ ಮುದಿ ಜೀವವೂ ಅದರ ಹಿಂದೆ ಹೋಗುತ್ತದೆಂದು ಅವಳ ಎದೆ ಹಾರುತ್ತಿತ್ತು. ಹನ್ನೆರಡು ಮಂದಿಯಲ್ಲಿ ಅದನ್ನು ಯೋಚಿಸಿದವಳು ಅವಳೊಬ್ಬಳೇ. ಉಳಿದವರೆಲ್ಲ ಅರ್ಥ ಹುಡುಕುತ್ತಿದ್ದರು.

ಹೊತ್ತು ನೆತ್ತಿಗೇರಿತು. ಅಜ್ಜಾರು ಕೊಟ್ಟಿಗೆಯಿಂದೆದ್ದು ಲಿಂಗಪೂಜೆಗೆ ಒಳಗೆ ಹೋದರು. ಏಳುವಾಗ ಅವರ ಕಾಲು ನಡುಗಿದ್ದನ್ನು ಹಂಪವ್ವ ಕಂಡಳು. ಅವರು ಪೂಜೆ ಮುಗಿಸುತ್ತಲೇ ಎದುರಿಗೆ ಹೋಗಿ ನಿಂತು, ಎಂದೂ ಮಾಡದ ಕೆಲಸ ಮಾಡಿದಳು.

"ಅಜ್ಜಾರ, ಕರಾ ಹಾಲು ಕುಡೀತ್ರಿ. ನಾನ ಕುಡಿಸೇನಿ. ಏಳ್ರಿ, ಪ್ರಸಾದ ಮಾಡ್ರಿ."

ಅಜ್ಜಾರು ಅವಳನ್ನು ನೋಡಿದರು. "ಎಲ್ಲಿ, ಕೈ ತೋರ್ಸು."

ಹಂಪವ್ವ ಕೈ ಚಾಚಿದಳು. ಮೊಣಕೈವರೆಗೂ ಜೋಳದ ಹಿಟ್ಟು ಒಣಗಿ ಬೆಳ್ಳಗಾಗಿತ್ತು. ಕರು ನೆಕ್ಕಿದ ಒಂದು ಗುರುತೂ ಇರಲಿಲ್ಲ. ಅವಳ ತಲೆ ತಾನಾಗಿ ಕೆಳಗಾಯಿತು. ಬೈಗುಳ ಬಂದರೆ ಎದುರುತ್ತರ ಕೊಟ್ಟಾಳು, ಆದರೆ ಅಜ್ಜಾರು ಬೈಯಲಿಲ್ಲ.

"ಉಣಸೋ ಕೈ ಅಂದೆ. ನಿಂದ."

"ನಂದಾ?" ಹಂಪವ್ವನಿಗೆ ನಾಚಿಕೆಯ ನಡುವೆಯೂ ಸಿಟ್ಟು ಉಕ್ಕಿತು. "ಮೊದಲ ಹೇಳಬಾರದಾಗಿತ್ತೇನ್ರಿ?"

"ಹೇಳಿದ್ನಲ್ಲ."

ಅವಳು ಸೆರಗು ಬಿಗಿದು ಕೊಟ್ಟಿಗೆಗೆ ನಡೆದಳು. ಗಡಿಗೆಯ ಹಾಲು ಮುಟ್ಟಿ ನೋಡಿದಳು. ತಣ್ಣಗಿತ್ತು. "ಆರಿದ್ದು ಕೊಟ್ರ ಯಾರು ಕುಡೀತಾರ, ಮೂಳಗೋಳ್ರ್ಯಾ!" ಎಂದು ಕಟ್ಟೆಯ ಮೇಲಿದ್ದ ಎಲ್ಲರನ್ನೂ ಒಟ್ಟಿಗೆ ಬೈದು, ಹಾಲು ಬೆಚ್ಚಗೆ ಮಾಡಿ ತಂದಳು. ಕರುವಿನ ಬೆನ್ನು ತಿಕ್ಕುತ್ತ ನಾಲ್ಕು ಬೆರಳು ಹಾಲಿಗದ್ದಿ ಬಾಯಿಗಿಟ್ಟಳು. ಹೊತ್ತು ಮುಳುಗುವವರೆಗೂ ಒಲೆಯ ಮುಂದಿರುವ ಕೈ ಅದು, ಕೆಚ್ಚಲಿನಷ್ಟೇ ಬೆಚ್ಚಗಿತ್ತು. ಕರು ಮೂಸಿತು. ನೆಕ್ಕಿತು. ಆಮೇಲೆ ಚಪ್ಪರಿಸಿ ಚೀಪತೊಡಗಿತು. ಹಂಪವ್ವ ಕೈಯನ್ನು ಮೆಲ್ಲಗೆ ಗಡಿಗೆಯೊಳಗೆ ಇಳಿಸಿದಳು. ಕರುವಿನ ಮೂತಿಯೂ ಹಿಂದೆಯೇ ಇಳಿಯಿತು. "ಸಾವಕಾಶ ಕುಡಿಯೋ, ಹೊಟ್ಟಿಬಾಕಾ! ಎರಡು ದಿನ ನಮ್ಮ ಜೀವಾ ತಿಂದಿ" ಎಂದು ಬೈಯುತ್ತಲೇ ಇದ್ದಳು. ಗಡಿಗೆಯ ತಳ ಕಂಡಾಗ ಅವಳ ಕಣ್ಣು ತುಂಬಿದ್ದವು.

ಕೈ ತೊಳೆಯುವುದನ್ನೂ ಮರೆತು ಬಿಸಿ ರೊಟ್ಟಿ ತಂದು ಅಜ್ಜಾರ ಮುಂದಿಟ್ಟಳು. ಅವರು ರೊಟ್ಟಿ ಮುರಿದರು. ಮೊದಲ ತುತ್ತನ್ನು ತಮ್ಮ ಬಾಯಿಗಿಡದೆ ಹಂಪವ್ವನ ಕಡೆ ನೀಡಿದರು. ಪಂಕ್ತಿಯೇ ಬೆರಗಾಯಿತು. ಇಪ್ಪತ್ತಾರು ವರ್ಷದಲ್ಲಿ ಎಲ್ಲರಿಗೂ ಬಡಿಸಿ, ತಳ ಕೆರೆದು ಕಡೆಗೆ ಉಂಡವಳು ಅವಳು. ನೀನು ಉಂಡೆಯಾ ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ಅವಳು ಜೊಲ್ಲು ಮೆತ್ತಿದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ಎಂಜಲಗೈ ಐತ್ರಿ, ಅಜ್ಜಾರ."

"ಅದಕ್ಕ" ಎಂದರು ಅಜ್ಜಾರು.

ಹಂಪವ್ವ ಎರಡೂ ಕೈ ಒಡ್ಡಿ ಆ ತುತ್ತು ಹಿಡಿದಳು. ಅಲ್ಲಿಯೇ ಕುಳಿತು, ಎಲ್ಲರೆದುರು ಅಳುತ್ತ ಉಂಡಳು. ಆಮೇಲೆ ಅಜ್ಜಾರು ಪ್ರಸಾದ ಸ್ವೀಕರಿಸಿದರು.

ಪಂಕ್ತಿ ಎದ್ದು ಎಲೆ ತೆಗೆಯುವಾಗ ಕಂಬಳಿ ಮಾರುವವನೊಬ್ಬ ಬಿಸಿಲಲ್ಲಿ ಬೆಂದು ಬಾಗಿಲಿಗೆ ಬಂದು ನಿಂತ. ಇನ್ನೇನು, ಒಲೆ ಆರಿತೆಂಬ ಮಾತು ಬಂತು ಎಂದುಕೊಂಡರು ಎಲ್ಲರೂ. ಹಂಪವ್ವ ಬುಟ್ಟಿ ನೋಡಿದಳು. ಅಂದು ನಿಜವಾಗಿಯೂ ಬರಿದಾಗಿತ್ತು, ಒಲೆಯೂ ಆರಿತ್ತು. "ಇದು ಉಣ್ಣಾಕ ಬರೂ ಹೊತ್ತೇನೋ, ಮಾರಾಯಾ?" ಎಂದು ಅವನನ್ನು ಗದರಿದಳು. ಗದರುತ್ತಲೇ ಒಲೆಗೆ ಕುಳ್ಳು ಒಟ್ಟಿ ಊದತೊಡಗಿದಳು.

ಹೊರಗೆ ಕಟ್ಟೆಯ ಮೇಲೆ, ಅಜ್ಜಾರು 'ಅದಕ್ಕ' ಎಂದುದರ ಅರ್ಥವೇನೆಂದು ಆಗಲೇ ಚರ್ಚೆ ನಡೆದಿತ್ತು.