ಪುಸ್ತಕ ಕಾಣದ ಹನ್ನೊಂದು ಮಂದಿ

ಘಾನಾ ದೇಶದಲ್ಲಿ, ವೋಲ್ಟಾ ನದಿಯ ದಡದಲ್ಲಿ, ಬೇವಿನ ಮರದಡಿ ತಗಡಿನ ಮಾಡಿನ ಒಂದು ಪುಟ್ಟ ಔಷಧಾಲಯವಿತ್ತು. ನಮ್ಮ ಕರಾವಳಿಯಿಂದ ಹೋಗಿ ನೆಲೆಸಿದ ಕ್ರೈಸ್ತ ಸನ್ಯಾಸಿನಿ, ಪೂಜ್ಯ ಮಾತೆ ಸೆವ್ರಿನ್ ಅವರು ಮೂವತ್ತೊಂದು ವರ್ಷದಿಂದ ಅಲ್ಲಿಯೇ ರೋಗಿಗಳ ಗಾಯ ತೊಳೆಯುತ್ತಿದ್ದರು, ಅಲ್ಲಿಯೇ ಪ್ರಾರ್ಥಿಸುತ್ತಿದ್ದರು. ಆ ಊರಿನ ಭಾಷೆಯನ್ನು ಅವರು ಕರಾವಳಿಯ ಎಳೆತದಲ್ಲಿ ಆಡುವಾಗ ಜನ ನಗುತ್ತಿದ್ದರು. ಮಾತೆಯವರೂ ಜೊತೆಗೆ ನಗುತ್ತಿದ್ದರು.

ಒಂದು ಬೆಳಿಗ್ಗೆ ದೋಣಿ ಕಟ್ಟುವ ಎಡೆಮ್ ಬಂದು, ಎಲ್ಲರೂ ಹೋಗುವವರೆಗೆ ಕಾದು ನಿಂತ. ವಯಸ್ಸು ಮೂವತ್ತೆಂಟು.

"ಅಮ್ಮಾ, ಮೂಲವ್ಯಾಧಿಗೆ ಏನಾದರೂ ಔಷಧಿ ಕೊಡಿ."

ಐದು ತಿಂಗಳಿಂದ ಮಲದಲ್ಲಿ ರಕ್ತ ಹೋಗುತ್ತಿತ್ತು. ಬೇರು ಅರೆದು ಕುಡಿದಿದ್ದ. ನಾಚಿಕೆಯಿಂದ ಹೆಂಡತಿಗೂ ಹೇಳಿರಲಿಲ್ಲ.

ಮಾತೆಯವರು ಔಷಧಿ ಕೊಡಲಿಲ್ಲ. "ನಡಿ ಮಗಾ, ನಾನೂ ಬರ್ತೇನೆ" ಎಂದು ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದರು.

ಅಲ್ಲಿನ ಡಾಕ್ಟರ್ ಸೆಲಾಸಿ ಬುದ್ಧಿವಂತರು; ದೇವರಲ್ಲಾಗಲಿ, ಸನ್ಯಾಸಿನಿಯರಲ್ಲಾಗಲಿ ನಂಬಿಕೆಯಿಲ್ಲದವರು. ಕರುಳಿನ ಕ್ಯಾನ್ಸರ್ ಇರಬಹುದೇ ಎಂದು ಮಾತೆಯವರು ಕೇಳಿದರೂ, ಎಡೆಮ್‌ನ ಮುಖವನ್ನೂ ಸರಿಯಾಗಿ ನೋಡದೆ ಚೀಟಿ ಬರೆಯತೊಡಗಿದರು.

"ಇದು ಮೂಲವ್ಯಾಧಿಯೇ. ಕರುಳಿನ ಕ್ಯಾನ್ಸರ್ ಅಂದರೆ ಬಿಳಿಯರ ನಾಡಿನ ಮುದುಕರ ಕಾಯಿಲೆ, ನಮ್ಮ ಜನರಲ್ಲಿ ಅಪರೂಪ. ನಾನು ಓದಿದ ಪುಸ್ತಕದಲ್ಲಿ ಹಾಗೇ ಇದೆ. ಪ್ರಾರ್ಥನೆ ನೀವು ನೋಡಿಕೊಳ್ಳಿ ಅಮ್ಮಾ, ರೋಗ ನನಗೆ ಬಿಡಿ."

ಮಾತೆಯವರು ಮುನಿಯಲಿಲ್ಲ. ಜೋಳಿಗೆಯಿಂದ ಪ್ರಾರ್ಥನೆ ಪುಸ್ತಕ ತೆಗೆದರು. ಕೊನೆಯ ಹಾಳೆಯಲ್ಲಿ, ದಿನವೂ ಅವರು ದೇವರಲ್ಲಿ ನೆನೆಯುತ್ತಿದ್ದ ಹನ್ನೊಂದು ಮೃತರ ಹೆಸರುಗಳಿದ್ದವು. ಮೆಲ್ಲನೆ ಓದಿದರು: ಶಿಕ್ಷಕಿ ಮಾವುಲಿ, ನಲವತ್ತೊಂದು ವರ್ಷ. ಮೀನುಗಾರ ಯಾವೋವಿ, ಮೂವತ್ತಾರು... ಎಂಟು ಮಂದಿ ಐವತ್ತು ದಾಟಿರಲಿಲ್ಲ. ಮೊದಲ ನಾಲ್ವರು ಮಾತೆಯವರು ಬಂದ ಮೊದಲ ಇಪ್ಪತ್ತೇಳು ವರ್ಷಗಳಲ್ಲಿ ಹೋದವರು. ಉಳಿದ ಏಳು ಮಂದಿ ಈಚಿನ ನಾಲ್ಕೇ ವರ್ಷಗಳಲ್ಲಿ. ಎಲ್ಲರಿಗೂ ಮೊದಲು ಮೂಲವ್ಯಾಧಿ ಎಂದೇ ಹೇಳಲಾಗಿತ್ತು. ಕರುಳಿನ ಕ್ಯಾನ್ಸರ್ ಎಂದು ತಿಳಿಯುವಷ್ಟರಲ್ಲಿ ಕಾಲ ಮೀರಿತ್ತು.

"ಪುಸ್ತಕ ಇವರನ್ನು ನೋಡಿಲ್ಲ ಡಾಕ್ಟರೇ. ಇವನನ್ನು ನೀವು ನೋಡಿ."

ಡಾಕ್ಟರು ಪೆನ್ನು ಕೆಳಗಿಟ್ಟು ಕೈಗವಸು ಹಾಕಿಕೊಂಡರು. ಪರದೆಯ ಹಿಂದಿನಿಂದ ಹೊರಬಂದಾಗ ಅವರ ಮುಖ ಬಾಡಿತ್ತು. ಬೆರಳಿಗೆ ಗಟ್ಟಿ ಗಡ್ಡೆ ಸಿಕ್ಕಿತ್ತು.

ಎಡೆಮ್ ಕೊನೆಗೂ ಹೆಂಡತಿಗೆ ಹೇಳಿದ; ಅವಳೂ ಮಾತೆಯವರೂ ಜೊತೆಗೆ ಹೋಗಿ, ರಾಜಧಾನಿಯ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿದರು. ಕ್ಯಾನ್ಸರೇ, ಆದರೆ ಹರಡಿರಲಿಲ್ಲ. ಶಸ್ತ್ರಚಿಕಿತ್ಸೆಯ ನಂತರ ಕೆಲವು ತಿಂಗಳು ಮಲ ಸೇರುವ ಚೀಲವನ್ನು ಹೊಟ್ಟೆಗೆ ಅಂಟಿಸಬೇಕೆಂದು ಅಲ್ಲಿನ ಡಾಕ್ಟರರು ಹೇಳಿದಾಗ ಎಡೆಮ್ ಒಪ್ಪಲಿಲ್ಲ.

"ಅದನ್ನು ಕಟ್ಟಿಕೊಂಡು ಊರಲ್ಲಿ ಹೇಗೆ ಮುಖ ತೋರಿಸಲಿ, ಅಮ್ಮಾ?"

"ಆ ಮುಖ ನೋಡಬೇಕೆಂದೇ ನಿನ್ನ ಹೆಂಡತಿ ಹೊರಗೆ ಕೂತಿದ್ದಾಳೆ" ಎಂದರು ಮಾತೆಯವರು.

ಎಡೆಮ್ ಅತ್ತುಬಿಟ್ಟ. ಮರುದಿನ ಒಪ್ಪಿಗೆಗೆ ಸಹಿ ಹಾಕಿದ. ಎಂಟು ತಿಂಗಳಿಗೆ ಚೀಲ ತೆಗೆದರು. ವರ್ಷ ತುಂಬುವುದರೊಳಗೆ ಹೊಸ ದೋಣಿಗೆ ಹಲಗೆ ಜೋಡಿಸುತ್ತಿದ್ದ.

ಆಗೊಂದು ದಿನ ಡಾಕ್ಟರ್ ಸೆಲಾಸಿ ಔಷಧಾಲಯಕ್ಕೆ ಬಂದು ಮಾತೆಯವರ ಮುಂದೆ ಮಂಡಿಯೂರಿದರು.

"ಅಮ್ಮಾ, ಮೂಲವ್ಯಾಧಿ ಎಂದು ಎಷ್ಟು ಮಂದಿಯನ್ನು ಮನೆಗೆ ಕಳಿಸಿದ್ದೇನೋ!"

"ಅಳುವುದಕ್ಕೆ ಆಮೇಲೆ ಸಮಯವಿದೆ. ಮೊದಲು ಅವರನ್ನು ಹುಡುಕೋಣ."

ಆಸ್ಪತ್ರೆಯಲ್ಲಿ ಉಳಿದಿದ್ದ ಹಳೆಯ ಚೀಟಿಗಳನ್ನು ಹಿಡಿದು ಇಬ್ಬರೂ ಮನೆಮನೆ ಅಲೆದರು. ಹತ್ತೊಂಬತ್ತು ಮಂದಿ ಸಿಕ್ಕಿದರು. ಇಬ್ಬರಲ್ಲಿ ರೋಗವಿತ್ತು, ಇಬ್ಬರಲ್ಲೂ ಬೇಗನೆ ತಿಳಿಯಿತು.

ಈಗ ಸಂತೆಯ ದಿನ, ಮೀನಿನ ಬುಟ್ಟಿಗಳ ನಡುವೆ ಆ ಡಾಕ್ಟರು ನಿಂತು, "ಯಾರಿಗಾದರೂ ಮಲದಲ್ಲಿ ರಕ್ತ ಹೋಗುತ್ತದೆಯೇ?" ಎಂದು ಗಟ್ಟಿಯಾಗಿ ಕೇಳುತ್ತಾರೆ. ಹೆಂಗಸರು ಬಾಯಿ ಮುಚ್ಚಿಕೊಂಡು ನಗುತ್ತಾರೆ. ಡಾಕ್ಟರು ಹೋಗುವುದಿಲ್ಲ, ಕಾಯುತ್ತಾರೆ. ನಗು ನಿಂತ ಮೇಲೆ ಒಬ್ಬಳು ಮೆಲ್ಲನೆ ಎದ್ದು ಬರುತ್ತಾಳೆ. ಅವರು ಬುಟ್ಟಿಯನ್ನು ಬದಿಗೆ ಸರಿಸಿ, ಅವಳಿಗೆ ಕೂರಲು ಜಾಗ ಮಾಡಿಕೊಡುತ್ತಾರೆ.