ಬಲಗಡೆಯ ಜೇಬು

ಹೊಳೆಯ ದಂಡೆಯಲ್ಲಿ ಒಂದು ಹೊಲಿಗೆ ಮನೆ ಇತ್ತು. ಪಟ್ಟಣದಿಂದ ನೋಡಲು ಬಂದವರು ಅದನ್ನು ಆಶ್ರಮ ಎನ್ನುತ್ತಿದ್ದರು. ಅದರ ಯಜಮಾನರು ಅಂಗಡಿ ಎನ್ನುತ್ತಿದ್ದರು. ಅವರ ತಲೆನೋವು ಅಲ್ಲಿಂದಲೇ ಶುರು.

ಯಜಮಾನರ ಹೆಸರು ಪುಟ್ಟಬಸಪ್ಪ. ಊರಿಗೆಲ್ಲ ಅವರು ಮಾಸ್ಟರು. ನಲವತ್ತು ವರ್ಷದಿಂದ ಅವರು ಹೊಲಿದದ್ದು ಒಂದೇ ಬಗೆಯ ಅಂಗಿ. ಸಾದಾ ಬಟ್ಟೆ, ಪಟ್ಟಿ ಕಾಲರು, ಮೊಣಕೈವರೆಗಿನ ತೋಳು, ನಾಲ್ಕು ಗುಂಡಿ, ಒಂದು ಜೇಬು.

ಈ ನಲವತ್ತು ವರ್ಷದಲ್ಲಿ ಲೋಕದ ಕಾಲರುಗಳು ಆನೆಕಿವಿಯಷ್ಟು ಅಗಲವಾದವು, ಮತ್ತೆ ಕುಗ್ಗಿದವು. ಪ್ಯಾಂಟಿನ ಕಾಲು ಗಂಟೆಯಾಯಿತು, ಆಮೇಲೆ ಕೊಳವೆಯಾಯಿತು. ಊರಿನ ಹಳೆಯ ಮದುವೆ ಫೋಟೋ ತೆಗೆದರೆ, ಉಳಿದವರ ಬಟ್ಟೆ ನೋಡಿಯೇ ಇದು ಯಾವ ಇಸವಿ ಎಂದು ಹೇಳಿಬಿಡಬಹುದು. ಮಾಸ್ಟರ ಅಂಗಿ ತೊಟ್ಟವನನ್ನು ನೋಡಿ ಹೇಳಲಾಗದು. ಅವನು ನಿನ್ನೆ ತಾನೇ ಬಂದು ನಿಂತ ಹಾಗಿರುತ್ತಾನೆ.

ಮಾಸ್ಟರ ಬಳಿ ಉಳಿದಿದ್ದವನು ಒಬ್ಬನೇ ಶಿಷ್ಯ, ದಕ್ಷಿಣಾಮೂರ್ತಿ. ವಯಸ್ಸು ಮೂವತ್ತೈದು. ಹನ್ನೊಂದು ವರ್ಷದಿಂದ ಅಲ್ಲೇ ಇದ್ದ. ಅವನಿಗೆ ಭಕ್ತಿ ಬಹಳ. ಬುದ್ಧಿಯೂ ಇತ್ತು, ಆದರೆ ಭಕ್ತಿ ಅದರ ಮೇಲೆ ಕೂತುಬಿಟ್ಟಿತ್ತು.

ಅವನಿಗೆ ಬೇಕಾದದ್ದು ಮಾಸ್ಟರ ಕತ್ತರಿ. ಆ ಕಡೆಯ ಹೊಲಿಗೆಯವರಲ್ಲಿ ಒಂದು ವಾಡಿಕೆ ಇತ್ತು. ಗುರು ಕೈಯಾರೆ ಕತ್ತರಿ ಕೊಟ್ಟ ಮೇಲೆಯೇ ಶಿಷ್ಯ ಬೇರೆ ಅಂಗಡಿ ಇಡಬೇಕು. ಕತ್ತರಿ ಸಿಗದವನಿಗೆ ಹೊಳೆಯ ಈ ದಡದವರೂ ಬಟ್ಟೆ ಕೊಡರು, ಆ ದಡದವರೂ ಕೊಡರು.

ಮಾಸ್ಟರ ಕಣ್ಣಿಗೆ ಪೊರೆ ಬರುತ್ತಿತ್ತು. ಯುಗಾದಿಗೆ ಅಂಗಡಿ ಮುಚ್ಚುತ್ತೇನೆ ಎಂದು ಹೇಳಿಯೂ ಆಗಿತ್ತು. ಅಷ್ಟರೊಳಗೆ ಕತ್ತರಿ ಸಿಗದಿದ್ದರೆ ಮೂರ್ತಿಯ ಹನ್ನೊಂದು ವರ್ಷವೂ ದಂಡ.

ಆ ಕತ್ತರಿಯನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಮೂರ್ತಿ ಅದಕ್ಕೆ ದಿನಾ ದೂರದಿಂದಲೇ ಕೈಮುಗಿದು, ತನ್ನ ಕೆಲಸಕ್ಕೆ ಅಂಗಡಿಯ ಚಿಕ್ಕ ಕತ್ತರಿ ಹಿಡಿಯುತ್ತಿದ್ದ.

ಒಂದು ದಿನ ಅವನು ಧೈರ್ಯ ಮಾಡಿ ಕೇಳಿದ. “ಗುರುಗಳೇ, ನನಗೆ ಕತ್ತರಿ ಯಾವಾಗ?”

“ಗುರುಗಳೇ ಅನ್ನಬೇಡ ಅಂತ ಎಷ್ಟು ಸಲ ಹೇಳ್ಲೋ? ಮಾಸ್ಟ್ರೇ ಅನ್ನು.”

“ಆಗಲಿ ಗುರುಗಳೇ.”

ಮಾಸ್ಟರು ಕಣ್ಣು ಮುಚ್ಚಿ ಒಂದು ಸಲ ಉಸಿರು ಬಿಟ್ಟರು. ಆಮೇಲೆ ಹೇಳಿದರು. “ದೋಣಿ ಕರಿಯಣ್ಣನ ಅಂಗಿ ಬೆನ್ನಲ್ಲಿ ಹರಿದಿದೆ. ಅವನಿಗೊಂದು ಹೊಲಿ. ನಾನು ಅದರ ಕಡೆ ಕಣ್ಣೂ ಹಾಕಲ್ಲ. ಹತ್ತು ದಿನ ಹಾಕ್ಕೊಂಡು ಅವನೇ ಬಂದು ಹೇಳ್ಲಿ. ಅವನ ಮಾತಿನ ಮೇಲೆ ಕತ್ತರಿ.”

ಕರಿಯಣ್ಣ ಆ ಊರಿನವರನ್ನು ಹೊಳೆ ದಾಟಿಸುವ ಅಂಬಿಗ.

ಮೂರ್ತಿ ಮೂರು ದಿನ ಕೂತು ಹೊಲಿದ. ತನ್ನ ಕೈಚಳಕವೆಲ್ಲ ಕಾಣಬೇಕಲ್ಲ! ಎರಡು ಜೇಬು ಇಟ್ಟ, ಜೇಬಿಗೆ ಮುಚ್ಚಳ ಇಟ್ಟ, ಹೆಗಲಿಗೆ ಪೊಲೀಸಿನವರ ಹಾಗೆ ಪಟ್ಟಿ ಹಾಕಿದ, ಬಿಳಿ ಬಟ್ಟೆಗೆ ಕೆಂಪು ದಾರದಲ್ಲಿ ಹೊಲಿಗೆ ಓಡಿಸಿದ.

ಹತ್ತನೆಯ ದಿನ ಕರಿಯಣ್ಣ ಹಲ್ಲು ಬಿಟ್ಟುಕೊಂಡು ಬಂದ.

“ಹೆಂಗಿದೆ ಅಂಗಿ?” ಎಂದರು ಮಾಸ್ಟರು.

“ಭಾರಿ ಚೆನ್ನಾಗದೆ ಮಾಸ್ಟ್ರೇ! ಸಂತೇಲಿ ಎಲ್ರೂ ತಿರುಗಿ ತಿರುಗಿ ನೋಡಿದ್ರು.”

“ಏನನ್ನ ನೋಡಿದ್ರು?”

“ಅಂಗೀನ.”

“ನಿನ್ನನ್ನ ಯಾರಾದ್ರೂ ಮಾತಾಡಿಸಿದ್ರಾ?”

ಕರಿಯಣ್ಣ ಯೋಚಿಸಿದ. “ಎಲ್ಲಿ ಹೊಲಿಸ್ದೆ ಅಂತ ಕೇಳಿದ್ರು. ನನ್ನ ಸುದ್ದಿ ಯಾರೂ ಎತ್ತಲಿಲ್ಲ.”

“ಬಿಚ್ಚು,” ಎಂದರು ಮಾಸ್ಟರು.

ಮೂರ್ತಿಗೆ ಅಳುವೇ ಬಂತು. “ಚೆನ್ನಾಗಿದೆ ಅಂದ್ರಲ್ಲ ಗುರುಗಳೇ!”

“ಅಂಗಿ ಚೆನ್ನಾಗಿದೆ ಕಣೋ. ಅದರೊಳಗಿದ್ದ ಕರಿಯಣ್ಣ ಎಲ್ಲಿ?”

ಮೂರ್ತಿ ಎರಡು ದಿನ ಯೋಚನೆ ಮಾಡಿದ. ಮೂರನೆಯ ದಿನ ಅವನ ಮುಖ ಬೆಳಗಿತು. ಗುರುಗಳ ಮಾತು ಅರ್ಥವಾಯಿತು ಎಂದುಕೊಂಡ. ಅಂಗಿಯಲ್ಲಿ ತನ್ನದೇನೂ ಇರಕೂಡದು, ಎಲ್ಲವೂ ಗುರುಗಳದ್ದೇ ಇರಬೇಕು!

ಅರ್ಥವಾಗಿರಲಿಲ್ಲ. ಮುಂದೆ ಅವನು ಮಾಡಿದ್ದನ್ನು ಹೇಳಲು ನನಗೇ ಬೇಜಾರು. ಆದರೂ ಹೇಳಬೇಕು.

ಊರವರ ಅಂಗಿಗಳಲ್ಲಿ ಜೇಬು ಎದೆಯ ಎಡಕ್ಕೆ ಇರುತ್ತಿತ್ತು. ಮಾಸ್ಟರು ತಾವು ತೊಡುತ್ತಿದ್ದ ಅಂಗಿಯಲ್ಲಿ ಮಾತ್ರ ಅದು ಬಲಕ್ಕೆ. ಗುಂಡಿಯ ಪಟ್ಟಿಯೂ ತಿರುವುಮುರುವು. ಮೂರ್ತಿ ಇದನ್ನು ಎಂಟು ವರ್ಷದ ಹಿಂದೆಯೇ ಗಮನಿಸಿದ್ದ. ಊರವರಿಗೆ ಕೊಡುವುದು ಊರವರ ಯೋಗ್ಯತೆಗೆ ತಕ್ಕದ್ದು, ಗುರುಗಳು ತೊಡುವುದೇ ನಿಜವಾದ ಅಂಗಿ ಎಂದು ತೀರ್ಮಾನಿಸಿದ್ದ. ಅಂದಿನಿಂದ ತಾನೂ ಅದನ್ನೇ ಹೊಲಿದುಕೊಂಡು ತೊಡುತ್ತಿದ್ದ.

ಅವನು ಸೀಮೆಸುಣ್ಣ ಇಟ್ಟುಕೊಳ್ಳುತ್ತಿದ್ದುದು ಆ ಬಲಗಡೆಯ ಜೇಬಿನಲ್ಲಿ. ತೆಗೆಯಲು ಹೋದಾಗಲೆಲ್ಲ ಮೊಣಕೈ ಮಡಚಿ, ಮಣಿಕಟ್ಟು ತಿರುಚಿ, ಕೊನೆಗೆ ಸುಣ್ಣ ನೆಲಕ್ಕೆ ಬೀಳುತ್ತಿತ್ತು. ಎಂಟು ವರ್ಷ ಬಿತ್ತು. ಅವನು ಎಂಟು ವರ್ಷ ಬಗ್ಗಿ ಎತ್ತಿಕೊಂಡ.

ಸಾಲದ್ದಕ್ಕೆ ಪಟ್ಟಣದಿಂದ ಬಂದವರಿಗೆ ವಿವರಣೆ ಬೇರೆ ಕೊಡುತ್ತಿದ್ದ. “ಎಡಗಡೆ ಹೃದಯ ಇದೆ. ಅದರ ಮೇಲೆ ಲೋಕದ ಭಾರ ಹೊರಿಸಬಾರದು ಅಂತ ಗುರುಗಳು ಜೇಬನ್ನ ಬಲಕ್ಕೆ ಇಟ್ಟಿದ್ದಾರೆ.”

ಅವರು ಅದನ್ನು ಬರೆದುಕೊಂಡು ಹೋಗುತ್ತಿದ್ದರು.

ಕರಿಯಣ್ಣನ ಎರಡನೆಯ ಅಂಗಿ ಅಂಥದ್ದೇ ಆಯಿತು. ಒಂದು ಎಳೆಯೂ ಹೆಚ್ಚುಕಮ್ಮಿ ಇಲ್ಲ.

ಈ ಸಲ ಕರಿಯಣ್ಣ ಹತ್ತು ದಿನ ಕಾಯಲಿಲ್ಲ. ಮೂರನೆಯ ದಿನವೇ ಬಂದ. ತಲೆಯಿಂದ ಕಾಲಿನವರೆಗೂ ನೆನೆದಿದ್ದ. ಕೋಪದಲ್ಲಿ ಬಾಯಿ ತೊದಲುತ್ತಿತ್ತು.

“ನನ್ನ ಕನ್ನಡಕ ಹೋಯ್ತು ಮಾಸ್ಟ್ರೇ! ನಡುಹೊಳೇಲಿ ಹೋಯ್ತು!”

“ಹೆಂಗೆ ಹೋಯ್ತು?”

“ಎಡಗೈಲಿ ಹುಟ್ಟು ಹಿಡ್ಕೊಂಡಿದ್ದೆ. ಬಲಗೈಲಿ ಕನ್ನಡಕ ತೆಗೆಯಾನ ಅಂದ್ರೆ ಜೇಬೂ ಬಲಗಡೆಗೇ ಅದೆ! ಕೈ ತಿರುಚಿ ತೆಗೆಯೋದ್ರೊಳಗೆ ಕನ್ನಡಕ ನೀರಿಗೆ ಬಿತ್ತು. ಮುಳುಗಿ ಮುಳುಗಿ ಹುಡುಕ್ದೆ, ಸಿಗಲಿಲ್ಲ.”

ಮಾಸ್ಟರು ಅಂಗಿಯ ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ಮೂರ್ತಿಯ ಕಡೆ ತಿರುಗಿದರು.

“ಜೇಬು ಯಾಕೋ ಬಲಗಡೆ ಇಟ್ಟೆ?”

ಮೂರ್ತಿ ಕೈಮುಗಿದ. “ನಿಮ್ಮ ಅಂಗೀಲಿ ಹಾಗೇ ಇದೆಯಲ್ಲ ಗುರುಗಳೇ.”

“ನನ್ನ ಅಂಗೀಲಿ ಇದೆ. ಯಾಕಿದೆ?”

“ಎಡಗಡೆ ಹೃದಯ... ಲೋಕದ ಭಾರ...”

ಮಾಸ್ಟರು ಹಣೆ ಚಚ್ಚಿಕೊಂಡರು.

ಕರಿಯಣ್ಣನಿಗೆ ಆ ಕೋಪದಲ್ಲೂ ನಗು ತಡೆಯಲಾಗಲಿಲ್ಲ. “ಹೃದಯಾನೂ ಇಲ್ಲ, ಗಿದಯಾನೂ ಇಲ್ಲ! ಮಾಸ್ಟ್ರು ಎಡಚರು ಕಣಯ್ಯ! ಎಡಗೈಯವರಿಗೆ ಜೇಬು ಬಲಕ್ಕಿದ್ರೆ ಕೈಗೆ ಸಿಗ್ತದೆ. ಇಷ್ಟು ವರ್ಷ ಏನು ನೋಡ್ಕಂಡು ಕೂತಿದ್ದೆ?”

ಮೂರ್ತಿ ಮಾಸ್ಟರ ಎಡಗೈಯನ್ನೇ ನೋಡಿದ. “ಎಡಗೈಲಿ ಕತ್ತರಿಸೋದು ಸಾಧನೆ ಅಂದ್ಕೊಂಡಿದ್ದೆ ಗುರುಗಳೇ.”

“ಸಾಧನೆ!” ಎಂದರು ಮಾಸ್ಟರು.

“ಊಟ ಬಲಗೈಲಿ ಮಾಡ್ತೀರಲ್ಲ?”

“ನಮ್ಮವ್ವ ಸೌಟಲ್ಲಿ ಹೊಡೆದು ಹೊಡೆದು ಕಲಿಸಿದ್ಲು. ಕತ್ತರಿ ಹಿಡಿಯೋ ಕಾಲಕ್ಕೆ ಅವಳು ಪಕ್ಕದಲ್ಲಿರಲಿಲ್ಲ. ನನ್ನ ಪುಣ್ಯ.”

ಹೇಳುತ್ತಲೇ ಅವರು ಹಲಗೆಯ ಮೇಲಿದ್ದ ಕತ್ತರಿಯನ್ನು ತೆಗೆದು ಮೂರ್ತಿಯ ಮುಂದೆ ಹಿಡಿದರು.

“ಇದೇ ತಾನೆ ನಿನಗೆ ಬೇಕಾಗಿದ್ದು? ಹಿಡಿ. ಕತ್ತರಿಸು.”

ಹನ್ನೊಂದು ವರ್ಷ ದೂರದಿಂದ ಕೈಮುಗಿದಿದ್ದ ಕತ್ತರಿ. ಮೂರ್ತಿ ಬಲಗೈಯಲ್ಲಿ ತೆಗೆದುಕೊಂಡ. ಕಣ್ಣಿಗೊತ್ತಿಕೊಂಡ. ಬಟ್ಟೆಯ ಅಂಚಿಗೆ ಇಟ್ಟು ಒತ್ತಿದ.

ಬಟ್ಟೆ ತುಂಡಾಗಲಿಲ್ಲ. ಅಲಗುಗಳ ನಡುವೆ ಮಡಚಿಕೊಂಡಿತು. ಇನ್ನೂ ಒತ್ತಿದ. ಹಿಡಿ ಹೆಬ್ಬೆರಳನ್ನು ಕಚ್ಚಿತು, ಬಟ್ಟೆ ಇನ್ನಷ್ಟು ಮಡಚಿತು.

“ಮೊಂಡಾಗಿದೆಯೇನೋ ಗುರುಗಳೇ.”

ಮಾಸ್ಟರು ಅದನ್ನು ಎಡಗೈಗೆ ತೆಗೆದುಕೊಂಡರು. ಬಟ್ಟೆ ಸದ್ದಿಲ್ಲದೆ ಎರಡಾಯಿತು.

“ಕುಲುಮೆ ಮಾದಾಚಾರಿ ನನ್ನ ಕೈ ನೋಡಿ ಮಾಡಿಕೊಟ್ಟಿದ್ದು ಇದು. ಮೇಲಿನ ಅಲಗು ಕೆಳಗೆ, ಕೆಳಗಿನದು ಮೇಲೆ. ನನ್ನ ಕೈಲಿ ಕತ್ತರಿ. ನಿನ್ನ ಕೈಲಿ ಬರೀ ಕಬ್ಬಿಣ. ಮುಟ್ಟಬೇಡ ಅಂದಿದ್ದು ಪೂಜೆಗಲ್ಲ, ಹದ ಕೆಡುತ್ತೆ ಅಂತ.”

ಮೂರ್ತಿ ಅಲ್ಲೇ ನೆಲದ ಮೇಲೆ ಕೂತ. ಅಳತೊಡಗಿದ. ಇಲ್ಲಿ ಮಾತ್ರ ನನಗೂ ಅಯ್ಯೋ ಅನಿಸುತ್ತದೆ. ಇದಕ್ಕಾಗಿ ಮನುಷ್ಯ ತನ್ನ ಪ್ರಾಯವನ್ನೇ ಕೊಟ್ಟಿದ್ದ.

“ಹಾಗಾದ್ರೆ ನನಗೆ ಕತ್ತರಿಯೇ ಇಲ್ಲ,” ಎಂದ.

“ಅಳು ನಿಲ್ಲಿಸು. ಕೆಳಗೆ ಬಟ್ಟೆ ಹಾಸಿದೆ, ನೆನೆಯುತ್ತೆ.”

ಅವನು ಕಣ್ಣೊರೆಸಿಕೊಂಡ.

“ಹೋಗು, ಕರಿಯಣ್ಣನ ದೋಣೀಲಿ ಕೂತ್ಕೋ.”

“ಟೇಪು ತಗೊಂಡು ಹೋಗ್ಲಾ?”

“ಬೇಡ.”

“ಏನು ನೋಡ್ಲಿ ಗುರುಗಳೇ?”

“ಅಯ್ಯೋ ಶಿವನೇ! ಏನು ನೋಡ್ಲಿ ಅಂತ ಕೇಳೋದು ಬಿಟ್ಟು ನೋಡೋ!”

ಮೂರ್ತಿ ನಾಲ್ಕು ದಿನ ದೋಣಿಯಲ್ಲಿ ಕೂತ. ಮೊದಲ ದಿನ ಹೊಳೆ ನೋಡಿದ. ಎರಡನೆಯ ದಿನ ಬೇಜಾರಾಗಿ ಕರಿಯಣ್ಣನನ್ನು ನೋಡತೊಡಗಿದ.

ಹುಟ್ಟು ಹಾಕಲು ಕೈ ಮುಂದೆ ಚಾಚಿದಾಗೆಲ್ಲ ಬೆನ್ನಿನ ಬಟ್ಟೆ ಬಿಗಿಯುತ್ತಿತ್ತು. ಅಂಗಿ ಅಲ್ಲೇ ಹರಿಯುತ್ತಿದ್ದುದು. ದಡ ಬಂದ ಕೂಡಲೇ ಕರಿಯಣ್ಣ ನೀರಿಗಿಳಿದು ದೋಣಿ ಎಳೆಯುತ್ತಿದ್ದ, ಅಂಗಿಯ ಅಂಚು ನೆನೆಯುತ್ತಿತ್ತು. ಹಗ್ಗ ಕಟ್ಟಲು ಬಗ್ಗಿದರೆ ಜೇಬಿನಲ್ಲಿದ್ದದ್ದೆಲ್ಲ ಜಾರುತ್ತಿತ್ತು. ಅವನ ಎಡ ಹೆಗಲು ಬಲಕ್ಕಿಂತ ಒಂದು ಬೆರಳು ಕೆಳಗಿತ್ತು.

ನಾಲ್ಕನೆಯ ದಿನ ಮೂರ್ತಿ ಅಂಗಡಿಗೆ ವಾಪಸು ಹೋಗದೆ ಊರೊಳಗೆ ನಡೆದ. ಹಿತ್ತಲುಗಳಲ್ಲಿ ಒಣಗಲು ಹಾಕಿದ್ದ ಮಾಸ್ಟರ ಅಂಗಿಗಳ ಮುಂದೆ ನಿಂತ. ಕುಂಬಾರರ ಮಲ್ಲಯ್ಯನ ಅಂಗಿಯ ತೋಳು ಮೂರು ಬೆರಳು ಗಿಡ್ಡ, ಮಣ್ಣು ತಾಗದ ಹಾಗೆ. ಶಾಲೆಯ ಮೇಷ್ಟ್ರ ಜೇಬಿನೊಳಗೆ ಪೆನ್ನಿಗೆ ಒಂದು ಹೊಲಿಗೆಯ ಗೆರೆ. ಪಾರ್ಶ್ವವಾಯು ಹೊಡೆದ ಚನ್ನಪ್ಪನ ಅಂಗಿಯ ಕಾಜಗಳು ಒಂದು ಕೈಯಲ್ಲೇ ಗುಂಡಿ ಹಾಕುವಷ್ಟು ಸಡಿಲ.

ಈ ಅಂಗಿಗಳಲ್ಲಿ ಎಷ್ಟೋ ಅವನೇ ಹೊಲಿದವು. ಮಾಸ್ಟರು ಕತ್ತರಿಸಿ ಕೊಟ್ಟಿದ್ದರು, ಅವನು ಮಿಷನ್ನಿನಲ್ಲಿ ಓಡಿಸಿದ್ದ. ಎಲ್ಲವೂ ಒಂದೇ ಅಂಗಿ ಎಂದುಕೊಂಡಿದ್ದ. ಒಂದೂ ಇನ್ನೊಂದರ ಹಾಗಿರಲಿಲ್ಲ.

ಅವನು ಬಹಳ ಹೊತ್ತು ಅಲ್ಲೇ ನಿಂತಿದ್ದ. ಚನ್ನಪ್ಪನ ಹೆಂಡತಿ ಹೊರಗೆ ಬಂದು, “ಯಾಕಪ್ಪಾ, ಬಟ್ಟೆ ಕದಿಯೋಕೆ ಬಂದೆಯಾ?” ಎಂದು ಕೇಳಿದ ಮೇಲೆ ಹೊರಟ.

ಕರಿಯಣ್ಣನಿಗೆ ಮೂರನೆಯ ಅಂಗಿ ಹೊಲಿದ. ಬೆನ್ನಿಗೆ ಎರಡು ನೆರಿಗೆ. ಅಂಚು ನಾಲ್ಕು ಬೆರಳು ಮೇಲೆ. ಎಡ ಹೆಗಲಿನ ಹೊಲಿಗೆ ಒಂದು ಬೆರಳು ಇಳಿಸಿದ. ಜೇಬು ಎಡಕ್ಕೆ, ಕೊಂಚ ಓರೆಯಾಗಿ, ಆಳವಾಗಿ, ಬಾಯಿಗೊಂದು ಗುಂಡಿ. ಬೇರೆ ಏನೂ ಇಲ್ಲ. ದೂರದಿಂದ ನೋಡಿದರೆ ನಲವತ್ತು ವರ್ಷದ ಅದೇ ಅಂಗಿ.

ಹತ್ತು ದಿನ ಕಳೆಯಿತು. ಕರಿಯಣ್ಣ ಬರಲಿಲ್ಲ. ಹನ್ನೆರಡಾಯಿತು. ಯುಗಾದಿಗೆ ಇನ್ನು ಐದೇ ದಿನ. ಮೂರ್ತಿಗೆ ಅನ್ನ ಸೇರುತ್ತಿರಲಿಲ್ಲ.

“ಕರೆದುಕೊಂಡು ಬರಲಾ ಗುರುಗಳೇ?”

“ಸುಮ್ನೆ ಕೂತ್ಕೋ.”

ಹದಿನೈದನೆಯ ದಿನ ಕರಿಯಣ್ಣ ಬಂದ. ಅಂಗಿಯ ಮಾತಿಗಲ್ಲ. ಹುಟ್ಟಿನ ಹಿಡಿಗೆ ಸುತ್ತಲು ಒಂದು ತುಂಡು ಬಟ್ಟೆ ಬೇಕಿತ್ತು.

ಮಾಸ್ಟರು ಚಿಂದಿಯ ಬುಟ್ಟಿ ಮುಂದಿಟ್ಟರು. ಕರಿಯಣ್ಣ ಮಾತಾಡುತ್ತಲೇ ಬಲಗೈಯಿಂದ ಎಡಗಡೆಯ ಜೇಬಿನ ಗುಂಡಿ ಬಿಚ್ಚಿ, ಹೊಸ ಕನ್ನಡಕ ತೆಗೆದು ಹಾಕಿಕೊಂಡ. ತುಂಡುಗಳನ್ನು ತಿರುವಿ ನೋಡಿದ. ಒಂದನ್ನು ಆರಿಸಿದ. ಕನ್ನಡಕ ಮತ್ತೆ ಜೇಬಿಗೆ ಹೋಯಿತು, ಗುಂಡಿ ಮುಚ್ಚಿತು. ಅವನು ಒಂದು ಸಲವೂ ಕೆಳಗೆ ನೋಡಲಿಲ್ಲ.

“ಅಂಗಿ ಹೆಂಗಿದೆ?” ಎಂದರು ಮಾಸ್ಟರು.

“ಯಾವ ಅಂಗಿ?”

“ಮೈಮೇಲಿರೋದು.”

ಕರಿಯಣ್ಣ ತನ್ನನ್ನೇ ಬಗ್ಗಿ ನೋಡಿಕೊಂಡ. “ಓ, ಇದಾ? ಇದು ನಂದೇ ಅಲ್ವಾ ಮಾಸ್ಟ್ರೇ?”

ಬಟ್ಟೆ ತುಂಡು ಹಿಡಿದು ಹೊರಟುಹೋದ.

ಮೂರ್ತಿ ಅವನು ಹೋದ ದಾರಿಯನ್ನೇ ನೋಡಿದ. “ನಾನು ಹೊಲಿದಿದ್ದು ಅನ್ನೋದೂ ಅವರಿಗೆ ನೆನಪಿಲ್ಲ.”

ಮಾಸ್ಟರು ಒಳಗೆ ಹೋಗಿ ಪೆಟ್ಟಿಗೆ ತೆರೆದು ಒಂದು ಪೊಟ್ಟಣ ತಂದು ಹಲಗೆಯ ಮೇಲೆ ಕುಕ್ಕಿದರು. ಹಳೆಯ ಕ್ಯಾಲೆಂಡರಿನ ಹಾಳೆಯಲ್ಲಿ ಸುತ್ತಿತ್ತು. ಮೂರ್ತಿ ಹಾಳೆಯ ಮೇಲಿನ ಇಸವಿ ನೋಡಿದ. ಅವನು ಅಲ್ಲಿಗೆ ಬಂದ ವರ್ಷದ್ದು.

ಒಳಗೆ ಒಂದು ಕತ್ತರಿ ಇತ್ತು.

“ನೀನು ಬಂದ ವಾರವೇ ಮಾದಾಚಾರಿ ಹತ್ರ ಮಾಡಿಸಿದ್ದು, ನಿನ್ನ ಕೈ ನೋಡಿ. ಹನ್ನೊಂದು ವರ್ಷ ಎಣ್ಣೆ ಹಾಕಿ ಹಾಕಿ ನನಗೆ ಸಾಕಾಗಿ ಹೋಗಿದೆ.”

ಮೂರ್ತಿ ಅದನ್ನು ಕೈಗೆ ತೆಗೆದುಕೊಂಡ. ಹಿಡಿಯೊಳಗೆ ಹೆಬ್ಬೆರಳು ತಾನಾಗಿ ಹೋಗಿ ಕೂತಿತು. ಅಂಚಿನ ಒಂದು ತುಂಡು ಕತ್ತರಿಸಿದ. ಸದ್ದಾಗಲಿಲ್ಲ. ಬಗ್ಗಿ ಕಾಲು ಮುಟ್ಟಿದ. ಮಾಸ್ಟರು ಈ ಸಲ ಬೈಯಲಿಲ್ಲ.

ಅವನು ಎದ್ದು ಹಲಗೆಯ ಮೇಲೆ ಹೊಸ ಬಟ್ಟೆ ಹಾಸಿದ. ಗೆರೆ ಎಳೆಯಲು ಸೀಮೆಸುಣ್ಣ ಬೇಕಿತ್ತು. ಬಲಗೈ ಬಲಗಡೆಯ ಜೇಬಿಗೆ ಹೋಯಿತು. ಮೊಣಕೈ ಮಡಚಿತು, ಮಣಿಕಟ್ಟು ತಿರುಚಿತು, ಸುಣ್ಣ ಕೆಳಗೆ ಬಿದ್ದು ಎರಡು ತುಂಡಾಯಿತು.

ಮೂರ್ತಿ ಅದನ್ನು ಎತ್ತಿಕೊಂಡ.

“ಮಾಸ್ಟ್ರೇ,” ಎಂದ, “ಮೊದಲು ಯಾರ ಅಂಗಿ ಹೊಲಿಯಲಿ?”

“ನಿಂದು ಹೊಲ್ಕೋ. ಅದಕ್ಕೆ ಮುಂಚೆ ಮೈಮೇಲಿರೋ ನಂದು ಬಿಚ್ಚಿಡು.”