ಗಂಧದ ಮಗ್ಗುಲ ತೊಗರಿ

"ಗುರುಗಳೇ, ದುಡಿದದ್ದೆಲ್ಲ ಇನ್ನೊಬ್ಬನ ಹೆಸರಿಗೇ ಹೋಗುವುದಾದರೆ ಯಾಕಾದರೂ ದುಡಿಯಬೇಕು?" ಎಂದು ಅಡವಯ್ಯ ಕೇಳಿದ. ಅವನು ಮಠದ ಅಡುಗೆ ನೋಡಿಕೊಳ್ಳುವ ಶಿಷ್ಯ. "ಹೊಗೆ ಕುಡಿದು ಕುಡಿದು ನನ್ನ ಕಣ್ಣು ಹಾಳಾಯಿತು. ನಾನು ಬೇಯಿಸಿದ್ದನ್ನು ಉಂಡು ನಿಮ್ಮ ಇನ್ನೊಬ್ಬ ಶಿಷ್ಯ ರೇವಯ್ಯ ಊರೂರಲ್ಲಿ ಪ್ರವಚನ ಹೇಳುತ್ತಾನೆ, ಹಾರ ಹಾಕಿಸಿಕೊಳ್ಳುತ್ತಾನೆ. ಅವನಿಗೆ ಬೇಯಿಸಿ ಹಾಕಿ ಸಾಕಾಗಿದೆ. ಮನೆಗೆ ಹೋಗುತ್ತೇನೆ, ಅಪ್ಪಣೆ ಕೊಡಿ."

"ಕೊಡೋಣಂತೆ. ದಾರಿ ಎಲ್ಲಿಗೂ ಓಡಿಹೋಗುವುದಿಲ್ಲ, ಕೂತುಕೋ," ಎಂದು ಗುರುಗಳು ಗೋಡೆಗೆ ಒರಗಿದರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ರೈತ ಹಿತ್ತಲಲ್ಲಿ ಗಂಧದ ಸಸಿ ನೆಟ್ಟ. ಗಂಧ ನೋಡಲು ಸಾಧು ಗಿಡ. ಆದರೆ ತನ್ನ ದುಡಿಮೆಯೊಂದರಲ್ಲೇ ಬದುಕುವ ಪೈಕಿಯಲ್ಲ. ನೆಲದೊಳಗೆ ಅದರ ಬೇರು ಪಕ್ಕದ ಗಿಡದ ಬೇರನ್ನು ಕಚ್ಚಿಕೊಂಡು ಸಾರ ಹೀರುತ್ತದೆ. ಅದಕ್ಕೆಂದೇ ರೈತ ಮಗ್ಗುಲಲ್ಲಿ ತೊಗರಿ ಹಾಕಿದ.

ರೈತನ ಹೆಂಡತಿ ಆ ಮನೆಯ ಹಿರಿಸೊಸೆ. ಮನೆತುಂಬ ಜನಕ್ಕೆ ಬೇಯಿಸಿ ಹಾಕಿ ಅವಳ ಸೊಂಟ ಬಿದ್ದುಹೋಗಿತ್ತು. ಉಂಡವರು ಕೈ ತೊಳೆದುಕೊಂಡು ಎದ್ದು ಹೋಗುತ್ತಿದ್ದರು, ಚೆನ್ನಾಗಿತ್ತು ಎಂದು ಒಬ್ಬರೂ ಅನ್ನುತ್ತಿರಲಿಲ್ಲ. ಬಂದ ನೆಂಟರು ಗಂಧವನ್ನು ಹೊಗಳಿದಾಗಲೆಲ್ಲ ಅವಳಿಗೆ ತೊಗರಿಯ ಮೇಲೆ ಕನಿಕರ ಉಕ್ಕುತ್ತಿತ್ತು. ತನ್ನನ್ನಂತೂ ಬಿಡಿಸುವವರಿಲ್ಲ, ಇದನ್ನಾದರೂ ಬಿಡಿಸಬೇಕು ಎಂದುಕೊಂಡಳು.

ಗಂಡ ಸಂತೆಗೆ ಹೋದ ದಿನ ಅವಳು ತೊಗರಿಯ ಬುಡದ ಮಣ್ಣು ಸರಿಸಿದಳು. ಬೇರಿನ ತುಂಬ ಸಣ್ಣ ಸಣ್ಣ ಗಂಟುಗಳಿದ್ದವು. ಗಂಧ ಹೀರುವುದು ಇವುಗಳಿಂದಲೇ ಎಂದು ತಿಳಿದಳು. ಒಂದನ್ನೂ ಬಿಡದೆ ಉಗುರಿನಿಂದ ಕಿತ್ತು, ಮಣ್ಣು ಮುಚ್ಚಿ, ನೀರು ಹೊಯ್ದಳು. ಎಷ್ಟೋ ದಿನದ ಮೇಲೆ ಅವಳ ಮನಸ್ಸು ಹಗುರಾಯಿತು.

ತೊಗರಿ ಚಿಗುರಲಿಲ್ಲ. ಎಲೆ ಹಳದಿಗೆ ತಿರುಗಿ ಉದುರಿತು. ರೈತ ಬುಡ ಕೆದಕಿ ನೋಡಿದ. ಬೇರಿನಲ್ಲಿ ಒಂದು ಗಂಟೂ ಇರಲಿಲ್ಲ; ಕೇಳಿದಾಗ ಹೆಂಡತಿ ತಾನು ಕಿತ್ತದ್ದನ್ನು ಹೇಳಿದಳು.

"ಗಂಧ ಕಚ್ಚಿದ್ದು ಎಲ್ಲೋ ಒಂದೆರಡು ಕಡೆ. ಮಿಕ್ಕ ಗಂಟೆಲ್ಲ ತೊಗರಿಯವೇ ಕಣೇ," ಎಂದ. "ಅವುಗಳೊಳಗೆ ಕಣ್ಣಿಗೆ ಕಾಣದ ಜೀವಾಣುಗಳು ಇರುತ್ತವೆ. ತೊಗರಿ ಎಲೆಯಲ್ಲಿ ಮಾಡಿದ ಸಿಹಿಯನ್ನು ಅವು ಉಣ್ಣುತ್ತವೆ, ನಿಜ. ಆದರೆ ಗಾಳಿಯ ಸಾರಜನಕ ಹಿಡಿದು ತೊಗರಿಗೆ ಊಟ ಕೊಡುವವೂ ಅವೇ. ಅವನ್ನೇ ಕಿತ್ತುಬಿಟ್ಟೆಯಲ್ಲ."

ಅವಳು ತಲೆಯ ಮೇಲೆ ಕೈ ಹೊತ್ತು ಕೂತಳು. "ಎಲ್ಲ ಗಂಟೂ ಒಂದೇ ಥರ ಕಂಡವು ರೀ. ದಣಿದವಳಿಗೆ ಎಲ್ಲರೂ ತಿನ್ನುವವರೇ ಅನ್ನಿಸಿತು," ಎಂದು ಅತ್ತಳು. ರೈತ ಅವಳನ್ನು ಬೈಯಲಿಲ್ಲ. ಬೈಯುವ ಮುಖ ತನಗಿಲ್ಲವೆಂದು ಅವನಿಗೆ ಗೊತ್ತಿತ್ತು.

ಇಷ್ಟಕ್ಕೆ ಗುರುಗಳು ಕತೆ ಮುಗಿಸಿದರು. "ಅಂದರೆ ನಾನು ತೊಗರಿ, ರೇವಯ್ಯ ನನ್ನನ್ನು ಹೀರುವ ಗಂಧ. ಇದು ನನಗೆ ಮೊದಲೇ ಗೊತ್ತಿತ್ತು," ಎಂದ ಅಡವಯ್ಯ.

"ನಿನ್ನ ದಣಿವು ಸುಳ್ಳಲ್ಲಪ್ಪ," ಎಂದು ಗುರುಗಳು ಕಣ್ಣು ಮುಚ್ಚಿದರು. ಅಡವಯ್ಯ ಹೋಗಲು ಎದ್ದು ನಿಂತ.

"ಆದರೆ ಇವತ್ತು ನೀನು ಬಡಿದ ರೊಟ್ಟಿಯ ಜೋಳ ರೇವಯ್ಯನ ಜೋಳಿಗೆಯಲ್ಲಿ ಬಂದದ್ದಲ್ಲವೇನಯ್ಯ?"